ಆಟಿ ತಿಂಗಳಲ್ಲೂ ತುಂಬಿದ ಟ್ರೇ: ಕರಾವಳಿಯ ಒಂದು ಮೀನೂಟದ ಹೋಟೆಲಿನ ವಿಮರ್ಶೆ

ಉಡುಪಿ ಜಿಲ್ಲೆಯಲ್ಲಿ ಹೆದ್ದಾರಿಯ ಅಕ್ಕಪಕ್ಕ ಮೀನೂಟಕ್ಕೆ ಹೆಸರಾದ ಹೋಟೆಲುಗಳು ಹಲವಿವೆ. ಅವುಗಳಲ್ಲಿ ಒಂದರ ಬಗ್ಗೆ ಈ ಬರಹ. ಹೋಟೆಲಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಆಕ್ಷೇಪವಾಗಿ ಹೇಳಲಿರುವ ಮಾತು ಕಾರವಾರದಿಂದ ತಲಪಾಡಿಯವರೆಗಿನ ಹೆಚ್ಚಿನ ಹೋಟೆಲುಗಳಿಗೂ, ಬೆಂಗಳೂರಿನಲ್ಲಿ ಕರಾವಳಿಯ ಹೆಸರು ಹೊತ್ತು ನಡೆಯುವ ಹೋಟೆಲುಗಳಿಗೂ ಸಲ್ಲುವಂಥದ್ದಾದ್ದರಿಂದ ಅದನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊಗಳಿಕೆ ಮಾತ್ರ ಪೂರ್ತಿಯಾಗಿ ಈ ಹೋಟೆಲಿನ ಅಡುಗೆಮನೆಗೇ ಸೇರಬೇಕು.

ಅಡುಗೆಯಿಂದಲೇ ತೊಡಗುತ್ತೇನೆ. ಕುಚ್ಚಲಕ್ಕಿ ಅನ್ನ ಹದವಾಗಿ ಬೆಂದಿತ್ತು. ಬಂಗುಡೆ ಪುಳಿಮುಂಚಿಯಲ್ಲಿ ಬ್ಯಾಡಗಿ ಮೆಣಸಿನ ಬಣ್ಣಕ್ಕಿಂತ ಹುಣಸೆಹುಳಿ ಮತ್ತು ಓಮದ ರುಚಿ ಮುಂದಿತ್ತು. ತೆಂಗಿನಕಾಯಿ ಸುರಿದು ಮಸಾಲೆಯನ್ನು ದಪ್ಪ ಮಾಡುವ ಸುಲಭದ ದಾರಿಯನ್ನು ಅಡುಗೆಯವರು ಹಿಡಿದಿರಲಿಲ್ಲ. ಕಾಣೆ ರವಾ ಫ್ರೈಯಂತೂ ಇತ್ತೀಚೆಗೆ ತಿಂದವುಗಳಲ್ಲೆಲ್ಲ ಉತ್ತಮವಾದದ್ದು: ಹೊರಗಿನ ರವೆ ಗರಿಗರಿಯಾಗಿದ್ದರೂ ಒಳಗಿನ ಮಾಂಸದ ತೇವ ಆರಿರಲಿಲ್ಲ, ಬೆರಳು ತಾಗಿಸಿದರೆ ಮುಳ್ಳಿನಿಂದ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಹುರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದ ವಾಸನೆ ಎಲ್ಲಿಯೂ ಇರಲಿಲ್ಲ, ಜನ ತುಂಬುವ ಹೋಟೆಲಿನಲ್ಲಿ ಇದು ಸಣ್ಣ ವಿಷಯವಲ್ಲ. ಎರಡನೇ ಸಲ ಸಾರು ಕೇಳಿದರೆ ಬಡಿಸುವವರು ಮುಖ ಸಿಂಡರಿಸುವುದಿಲ್ಲ. ಬೆಲೆ ಸ್ವಲ್ಪ ಹೆಚ್ಚಾದರೂ ಊಟಕ್ಕೆ ತಕ್ಕದ್ದೇ.

ಈ ಹೋಟೆಲಿನ ಹೆಗ್ಗಳಿಕೆ ಅದರ ಟ್ರೇ. ಮಸಾಲೆ ಹಚ್ಚಿದ ಮೀನುಗಳನ್ನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ ಮೇಜಿನ ಬಳಿಗೇ ತರುತ್ತಾರೆ. ಬೇಕಾದದ್ದನ್ನು ತೋರಿಸಿದರೆ ಅದು ನೇರವಾಗಿ ಕಾವಲಿಗೆ ಹೋಗುತ್ತದೆ. ನಾವು ಹೋದದ್ದು ಜುಲೈ ತಿಂಗಳ ಕೊನೆಗೆ, ತುಳುವರ ಮಳೆಗಾಲದ ತಿಂಗಳಾದ ಆಟಿಯ ಮಳೆ ಹಿಡಿದು ಸುರಿಯುತ್ತಿದ್ದಾಗ. ಟ್ರೇಯಲ್ಲಿ ಅಂಜಲ್ (ಸುರ್ಮಾಯಿ) ತುಂಡುಗಳು, ಬಿಳಿ ಮಾಂಜಿ (ಪಾಂಫ್ರೆಟ್), ಬಂಗುಡೆ, ಬೂತಾಯಿ (ಸಾರ್ಡೀನ್), ಕಾಣೆ, ಕೊಡ್ಡಾಯಿ, ಸಿಗಡಿ, ಒಂದು ಮೂಲೆಯಲ್ಲಿ ತಾಟೆ (ಶಾರ್ಕ್) ಮರಿಗಳು, ಹೀಗೆ ಡಿಸೆಂಬರಿನಲ್ಲಿ ಕಾಣಬಹುದಾದದ್ದೆಲ್ಲವೂ ಇತ್ತು. ಮೆನು ಕಾರ್ಡಿನಲ್ಲಿ ಹೆಚ್ಚಿನವುಗಳ ಎದುರು ಬೆಲೆಯ ಬದಲು ‘ಎ.ಪಿ.ಎಸ್.’ ಎಂದು ಬರೆದಿತ್ತು, ಅಂದರೆ ಗಾತ್ರಕ್ಕೆ ತಕ್ಕ ದರ. ವಿಮರ್ಶೆಯ ಉಳಿದ ಭಾಗವೆಲ್ಲ ಈ ಟ್ರೇ ಮತ್ತು ಈ ಮೂರಕ್ಷರಗಳ ಕುರಿತಾದದ್ದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಸಮುದ್ರಕ್ಕಿಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವಿದು, ಕಡಲೂ ಪ್ರಕ್ಷುಬ್ಧವಾಗಿರುತ್ತದೆ. ಕರ್ನಾಟಕದಲ್ಲಿ 10 ಎಚ್‌.ಪಿ.ವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ ಇದೆ, ಅವು ತರುವ ಮೀನು ದಡದ ಮನೆಗಳಿಗೇ ಸಾಲುವುದಿಲ್ಲ. ಹಾಗಾದರೆ ಈ ಅಂಜಲ್ ಎಲ್ಲಿಯದೆಂದು ಬಡಿಸುವ ಹುಡುಗನನ್ನು ಕೇಳಿದೆ. “ಇಲ್ಲಿಯ ಬೋಟ್ ಎಲ್ಲ ಬಂದ್ ಉಂಟಲ್ಲ ಸರ್, ಇದು ಚೆನ್ನೈ ಕಡೆಯದ್ದು, ಐಸಿನಲ್ಲಿ ಬಂದದ್ದು, ಆದರೆ ಫ್ರೆಶ್ ಉಂಟು” ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಆದ್ದರಿಂದ ನಮ್ಮ ಬಂದರುಗಳು ಮುಚ್ಚಿರುವ ದಿನಗಳಲ್ಲಿ ಬಂಗಾಳ ಕೊಲ್ಲಿಯ ಮೀನು ಲಾರಿ ಹತ್ತಿ ಘಟ್ಟ ಇಳಿಯುತ್ತದೆ, ಅಲ್ಲಿ ಮುಚ್ಚಿರುವಾಗ ಇಲ್ಲಿಯದು ಅತ್ತ ಹೋಗುತ್ತದೆ. ಎರಡೂ ಕಡಲುಗಳಿಗೆ ಕಾಗದದ ಮೇಲೆ ರಜೆಯಿದ್ದರೂ ಊಟದ ತಟ್ಟೆಗೆ ರಜೆಯಿಲ್ಲ. ಕಾನೂನು ದೋಣಿಯನ್ನು ತಡೆಯಬಲ್ಲದಾದರೂ ಹೋಟೆಲಿನ ಬೇಡಿಕೆಯನ್ನು ಮುಟ್ಟಲಾರದು. ಆ ಬೇಡಿಕೆ ಹನ್ನೆರಡು ತಿಂಗಳೂ ಒಂದೇ ಸಮನಾಗಿದ್ದರೆ ನಿಷೇಧ ತೆರವಾದ ಮೊದಲ ವಾರದಲ್ಲೇ ಬಲೆಗಳು ಕಡಲನ್ನು ಬಳಿದು ತರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಬೂತಾಯಿ ಮಾತ್ರ ಸ್ಥಳೀಯವೆಂದೂ ನಾಡದೋಣಿಯದೆಂದೂ ಹೇಳಿದ್ದರಿಂದ ಅದನ್ನೇ ತರಿಸಿಕೊಂಡೆ. ಕಾವಲಿಯಿಂದ ಬಂದ ಮೀನನ್ನು ಬಿಡಿಸಿದಾಗ ಹೊಟ್ಟೆಯೊಳಗೆ ಹಳದಿ ಬಣ್ಣದ ಮೊಟ್ಟೆಯ ಎರಡು ಎಸಳುಗಳು ಹುರಿದು ಗಟ್ಟಿಯಾಗಿ ಕುಳಿತಿದ್ದವು. ಪಕ್ಕದ ಮೇಜಿನವರು ತಮಗೂ ಮೊಟ್ಟೆಯಿರುವುದನ್ನೇ ಆರಿಸಿ ಕೊಡಬೇಕೆಂದು ಕೇಳಿದರು. ರುಚಿಯ ದೃಷ್ಟಿಯಿಂದ ಅವರನ್ನು ತಪ್ಪೆನ್ನಲಾರೆ, ಮಳೆಗಾಲದ ಬೂತಾಯಿಯ ಮೊಟ್ಟೆಗೆ ಸಾಟಿಯಾದ ರುಚಿ ಕಡಲಿನಲ್ಲಿ ಹೆಚ್ಚಿಲ್ಲ. ಬೂತಾಯಿ ಹೆಚ್ಚೆಂದರೆ ಎರಡೂವರೆ, ಮೂರು ವರ್ಷ ಬದುಕುವ ಮೀನು. ಮೊದಲ ವರ್ಷದಲ್ಲೇ ಬಲಿತು, ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಟ್ಟು, ಮುಂದಿನ ಹಂಗಾಮಿನ ಹಿಂಡನ್ನು ಒಂದೇ ಮಳೆಗಾಲದಲ್ಲಿ ಕಟ್ಟುತ್ತದೆ. ಇಂಥ ಮೀನಿನ ಸಂಖ್ಯೆ ಬೇಗ ಏರುತ್ತದೆ, ಅಷ್ಟೇ ಬೇಗ ಬೀಳುತ್ತದೆ. ನೆರೆಯ ಕೇರಳದ ಲೆಕ್ಕ ಇದಕ್ಕೆ ಸಾಕ್ಷಿ: 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಸಿಕ್ಕಿದ್ದು 3,297 ಟನ್. ಈ ಕುಸಿತಕ್ಕೆ ಕಡಲಿನ ಬಿಸಿ, ಎಲ್ ನಿನೊ, ಮಳೆಯ ಏರುಪೇರುಗಳೂ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಎಲ್ಲವನ್ನೂ ಬಲೆಯ ಮೇಲೆ ಹೊರಿಸಬಾರದು. ಆದರೆ ಹಿಂಡು ತಾನಾಗಿಯೇ ಸೊರಗಿರುವ ವರ್ಷದಲ್ಲಿ ಉಳಿದ ತಾಯಿಮೀನುಗಳನ್ನೂ ಮರಿಗಳನ್ನೂ ಬಿಡದೆ ಎತ್ತಿದರೆ ಅದು ಚೇತರಿಸಿಕೊಳ್ಳಲು ಹಿಡಿಯುವ ಕಾಲ ಉದ್ದವಾಗುತ್ತದೆ. ಬೂತಾಯಿಯನ್ನು ನಂಬಿದವರು ನಾವು ಮಾತ್ರವೂ ಅಲ್ಲ, ಅಂಜಲ್, ಕೇದರ, ಡಾಲ್ಫಿನ್, ಕಡಲಹಕ್ಕಿಗಳ ಊಟವೂ ಅದೇ.

ಇನ್ನು ‘ಎ.ಪಿ.ಎಸ್.’ ಎಂಬ ವ್ಯವಸ್ಥೆ. ಗಾತ್ರಕ್ಕೆ ತಕ್ಕ ದರವೆಂದರೆ ಮೇಲ್ನೋಟಕ್ಕೆ ಪ್ರಾಮಾಣಿಕವಾದ ವ್ಯಾಪಾರ. ದೊಡ್ಡ ಮಾಂಜಿಯ ಬೆಲೆ ಮಧ್ಯಮ ವರ್ಗದ ಕುಟುಂಬಕ್ಕೆ ಎಟುಕದಂತಾದಾಗ ಅಂಗೈಯಷ್ಟೂ ಇಲ್ಲದ ಮಾಂಜಿ ‘ಬಜೆಟ್ ಪ್ಲೇಟ್’ ಆಗಿ ಟ್ರೇಗೆ ಬರುತ್ತದೆ, ಗಿರಾಕಿ ಖುಷಿಯಿಂದ ಒಪ್ಪಿಕೊಳ್ಳುತ್ತಾನೆ. ನಾನು ನೋಡಿದ ಟ್ರೇಯಲ್ಲಿ ಅಂತಹ ಮಾಂಜಿಗಳು ಒಂದರ ಮೇಲೊಂದು ಮಲಗಿದ್ದವು. ಅಂಜಲ್‌ನ ಅಡ್ಡ ತುಂಡು ನೋಡಿದರೂ ಮೀನಿನ ವಯಸ್ಸು ಊಹಿಸಬಹುದು. ಬಲಿತ ಅಂಜಲ್‌ನ ಒಂದು ತುಂಡು ತಟ್ಟೆಯ ಅರ್ಧ ಜಾಗವನ್ನು ಹಿಡಿಯಬೇಕು. ಇಲ್ಲಿ ಒಂದು ಪ್ಲೇಟಿಗೆ ಮೂರು ತುಂಡು ಹಾಕಿದ್ದರು, ಅವುಗಳ ನಡುಮುಳ್ಳು ಪೆನ್ಸಿಲಿಗಿಂತ ತೆಳ್ಳಗಿತ್ತು. ಒಮ್ಮೆಯೂ ಮೊಟ್ಟೆಯಿಡದೆ ತಟ್ಟೆಗೆ ಬಂದ ಮೀನು ಅದು. ಕೇರಳ ಸರ್ಕಾರ 2015ರಲ್ಲಿಯೇ ಕೆಲವು ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ಗೊತ್ತುಮಾಡಿತು; ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಮಹಾರಾಷ್ಟ್ರ 2023ರಲ್ಲಿ ಬಿಳಿ ಮಾಂಜಿಯನ್ನು ತನ್ನ ರಾಜ್ಯಮೀನೆಂದು ಘೋಷಿಸಿತು, ಅದರ ಹಿಡಿತ ಇಳಿಯುತ್ತಿರುವ ಆತಂಕವೇ ಇದರ ಹಿಂದಿದ್ದದ್ದು. ಅಳತೆಪಟ್ಟಿ ಬಂದರಿನಲ್ಲಿ ಇರಬೇಕು ನಿಜ, ಅಡುಗೆಮನೆಯಲ್ಲೂ ಒಂದಿದ್ದರೆ ಹೋಟೆಲಿಗೆ ನಷ್ಟವೇನೂ ಇಲ್ಲ. ಸಣ್ಣ ಮಾಂಜಿಯ ಬದಲು ಅದೇ ಬೆಲೆಗೆ ಚೆನ್ನಾಗಿ ಬೆಳೆದ ಮದ್ಮಲ್ ಕೊಡಬಹುದು, ಅದರ ಬಿಳಿ ಮಾಂಸ ರವಾ ಫ್ರೈಗೆ ಹೇಳಿ ಮಾಡಿಸಿದಂತಿರುತ್ತದೆ.

ಟ್ರೇಗೆ ಬಾರದ ಮೀನುಗಳ ಕತೆ ಇದಕ್ಕಿಂತ ದೊಡ್ಡದು. ಟ್ರಾಲ್ ಬಲೆ ಕಡಲ ತಳವನ್ನು ಗೀರುತ್ತ ಸಾಗುತ್ತದೆ, ಸಿಗಡಿಗೆಂದು ಎಳೆದ ಬಲೆಯಲ್ಲಿ ಮರಿಮೀನು, ಏಡಿ, ಕಡಲಹಾವು, ನಕ್ಷತ್ರಮೀನು ಎಲ್ಲವೂ ಸೇರುತ್ತವೆ. ವಜ್ರಾಕಾರದ ಕಣ್ಣುಗಳ ಬಲೆಯನ್ನು ಎಳೆದಾಗ ಕಣ್ಣುಗಳು ಬಿಗಿದುಕೊಂಡು ಮುಚ್ಚುವುದರಿಂದ ಒಳಹೊಕ್ಕ ಮರಿಗಳಿಗೆ ಹೊರದಾರಿಯೇ ಇರುವುದಿಲ್ಲ. ಬಲೆಯ ತುದಿಯ ಚೀಲಕ್ಕೆ ಕನಿಷ್ಠ 35 ಮಿ.ಮೀ. ಅಳತೆಯ ಚೌಕ ಕಣ್ಣು ಇರಬೇಕೆಂದು ವಿಜ್ಞಾನಿಗಳು ಹೇಳುವುದು ಈ ಕಾರಣಕ್ಕೆ. ಹೋಟೆಲಿಗೆ ಬೇಡವಾದ ಮೀನಿಗೆ ಈಗ ಬೇರೆ ಗಿರಾಕಿಯಿದ್ದಾನೆ, ಅವನೇ ಮೀನನ್ನು ಒಣಗಿಸಿ ಪುಡಿ ಮಾಡುವ ಫಿಶ್‌ಮಿಲ್. ಒಂದು ಕಾಲದಲ್ಲಿ ನೀರಿಗೆ ಎಸೆಯುತ್ತಿದ್ದ ಅಥವಾ ತೆಂಗಿನ ಬುಡಕ್ಕೆ ಹಾಕುತ್ತಿದ್ದ ಸಣ್ಣ ಮೀನನ್ನು ಕರಾವಳಿಯ ಮಿಲ್ಲುಗಳು ತೂಕದ ಮೇಲೆ ಕೊಳ್ಳುತ್ತವೆ. ಹೀಗಾಗಿ ಮರಿಗಳನ್ನು ಹಿಡಿಯುವುದು ಅಕಸ್ಮಾತ್ತಾಗಿ ಉಳಿಯದೆ ಆದಾಯದ ಲೆಕ್ಕಕ್ಕೆ ಸೇರಿಕೊಂಡಿದೆ. ಮಲ್ಪೆಯವರು ‘ಕಾರ್ಗಿಲ್’ ಎಂದು ಅಡ್ಡಹೆಸರಿಟ್ಟಿರುವ, ಒರಟು ಚರ್ಮದ ಕಪ್ಪು ಮೀನು ರಾಶಿರಾಶಿಯಾಗಿ ಬಂದ ಹಂಗಾಮುಗಳಲ್ಲಿ ಬಹುಪಾಲು ಹೋದದ್ದು ಅಲ್ಲಿಗೇ. ಕಡಲಿನ ಯಾವುದೋ ಸಮತೋಲ ತಪ್ಪಿದೆಯೆಂಬುದನ್ನು ಮೊದಲು ಗುರುತಿಸಿದವರೂ ಇದೇ ಮೀನುಗಾರರು. ದಡದಿಂದ ಊರವರೆಲ್ಲ ಕೂಡಿ ಎಳೆಯುತ್ತಿದ್ದ ರಂಪಣಿ, 1970ರ ದಶಕದ ಉತ್ತರಾರ್ಧದಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಹೇಗೆ ಮೂಲೆಗೆ ಸರಿಯಿತೆಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಈಗ ಅದೇ ಮಾತನ್ನು ನಾಡದೋಣಿಯವರು ಲೈಟ್ ಫಿಶಿಂಗಿನ ಬಗ್ಗೆ ಹೇಳುವ ಹೊತ್ತು. ಪ್ರಖರ ದೀಪ ಹೊತ್ತಿಸಿ ಮೀನನ್ನು ಒಟ್ಟುಗೂಡಿಸುವ ಈ ವಿಧಾನವನ್ನೂ, ಎರಡು ದೋಣಿಗಳ ನಡುವೆ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಿಷೇಧದ ನಂತರವೂ ಇವುಗಳ ವಿರುದ್ಧದ ಪ್ರತಿಭಟನೆಗಳು ಕರಾವಳಿಯಲ್ಲಿ ನಿಂತಿಲ್ಲವೆಂಬುದೇ ಅದರ ಜಾರಿಯ ಬಗ್ಗೆ ಸಾಕಷ್ಟು ಹೇಳುತ್ತದೆ.

ಸಿಗಡಿ ಘೀ ರೋಸ್ಟ್ ಈ ಹೋಟೆಲಿನ ಅತಿ ಹೆಚ್ಚು ಮಾರಾಟದ ತಿನಿಸಂತೆ. ತುಪ್ಪ, ಮೆಣಸು, ಬೆಲ್ಲಗಳ ಹದ ಸರಿಯಾಗಿತ್ತು, ಸಿಗಡಿಗಳೂ ಒಂದೇ ಅಳತೆಯವು. ಆ ಸಮಾನತೆಯೇ ಅವು ಕಡಲಿನವಲ್ಲ, ಕೆರೆಯಲ್ಲಿ ಸಾಕಿದ ವನಾಮಿ ಎಂಬುದರ ಗುರುತು. ಪೆಸಿಫಿಕ್ ಸಾಗರದ ಆಚೆ ದಡದ ಈ ಸಿಗಡಿಯ ಸಾಕಣೆಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2009ರಲ್ಲಿ. ಸಾಕಿದ್ದನ್ನು ತಿಂದರೆ ಕಡಲಿನ ಮೇಲಿನ ಹೊರೆ ಇಳಿಯುತ್ತದೆಂದು ನಂಬುವವರಿಗೆ ಒಂದು ಮಾತು: ಸಿಗಡಿಯ ಮೇವಿನಲ್ಲಿ ಮೀನುಪುಡಿ ಮುಖ್ಯ ಅಂಶ, ಆ ಪುಡಿ ಬರುವುದು ಮೇಲೆ ಹೇಳಿದ ಫಿಶ್‌ಮಿಲ್ಲುಗಳಿಂದ. ಬೂತಾಯಿಯ ಮರಿಯನ್ನು ನೇರವಾಗಿ ತಿನ್ನದೆ ಸಿಗಡಿಯ ಮೂಲಕ ತಿನ್ನುತ್ತೇವೆ, ಅಷ್ಟೇ. ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದಲ್ಲಿ ಸಿಗಡಿ ಕೆರೆಗಳು ಎದ್ದದ್ದು ಉತ್ತರ ಕನ್ನಡದವರಿಗೆ ಗೊತ್ತಿರುವ ಸಂಗತಿ. ಹಾಗೆಂದು ಕಡಲ ಸಿಗಡಿ ನಿರ್ದೋಷಿಯೂ ಅಲ್ಲ. ಅದಕ್ಕೆಂದು ಎಳೆಯುವ ಟ್ರಾಲ್ ಬಲೆಯಲ್ಲಿ ಆಮೆಗಳು ಸಿಲುಕಿ ಉಸಿರುಗಟ್ಟುತ್ತವೆ, ಆಮೆ ಪಾರಾಗುವ ಸಾಧನವನ್ನು ಬಲೆಗೆ ಅಳವಡಿಸಿಲ್ಲವೆಂಬ ಕಾರಣಕ್ಕೆ ಅಮೆರಿಕ ನಮ್ಮ ಕಡಲ ಸಿಗಡಿಯ ಆಮದನ್ನು ನಿಲ್ಲಿಸಿತು. ಹೊನ್ನಾವರದ ಕಾಸರಕೋಡು ಟೊಂಕದ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಗಳು ದಾಟಿ ಬರಬೇಕಾದದ್ದು ಇಂಥ ಬಲೆಗಳ ನಡುವಿನಿಂದಲೇ.

ತಾಟೆ ಮರಿಯನ್ನು ನಾನು ಮುಟ್ಟಲಿಲ್ಲ. ಶಾರ್ಕ್ ಬೂತಾಯಿಯಂತೆ ಸಾವಿರಗಟ್ಟಲೆ ಮೊಟ್ಟೆ ಚೆಲ್ಲುವ ಮೀನಲ್ಲ. ಬಲಿಯಲು ವರ್ಷಗಳು ಬೇಕು, ಬಲಿತ ಮೇಲೂ ಅದಕ್ಕೆ ಹುಟ್ಟುವ ಮರಿಗಳು ಕೆಲವೇ. ಜಗತ್ತಿನ ಶಾರ್ಕ್ ಮತ್ತು ತೊರಕೆ ಜಾತಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಅಳಿವಿನ ಭೀತಿಯಲ್ಲಿವೆ. ತಿಮಿಂಗಿಲ ಶಾರ್ಕ್, ಗರಗಸ ಮೀನು ಮೊದಲಾದವಕ್ಕೆ 2001ರಲ್ಲೇ ವನ್ಯಜೀವಿ ಕಾಯ್ದೆಯ ರಕ್ಷಣೆ ದೊರೆಯಿತು, 2023ರ ಏಪ್ರಿಲಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಪಟ್ಟಿಯನ್ನು ಇನ್ನಷ್ಟು ಹಿಗ್ಗಿಸಿತು. ಮಸಾಲೆ ಮೆತ್ತಿದ, ತಲೆ ತೆಗೆದ ಮರಿ ಯಾವ ಜಾತಿಯದೆಂದು ಗಿರಾಕಿಗಾಗಲಿ ಬಡಿಸುವವನಿಗಾಗಲಿ ತಿಳಿಯಲು ಸಾಧ್ಯವೇ ಇಲ್ಲ. ಬಾಣಂತಿಯರಿಗೆ ಹಾಲು ಹೆಚ್ಚುತ್ತದೆಂಬ ನಂಬಿಕೆಯಿಂದ ಮನೆಗೆ ಕಟ್ಟಿಸಿಕೊಂಡು ಹೋಗುವವರಿದ್ದಾರೆ, ಅವರ ಮೇಲೆ ಕೋಪಿಸಿಕೊಳ್ಳಲು ಮನಸ್ಸು ಬಾರದು. ಆದರೂ ಗುರುತು ಹಿಡಿಯಲಾಗದ ಮರಿಯನ್ನು ಮೆನುವಿನಿಂದ ತೆಗೆಯುವುದು ಈ ಹೋಟೆಲು ನಾಳೆಯೇ ಮಾಡಬಹುದಾದ ಕೆಲಸ.

ಮರುವಾಯಿ ಎಂಬ ಚಿಪ್ಪುಮೀನಿನ ವಿಷಯದಲ್ಲಿ ಮನಸ್ಸು ಬಿಚ್ಚಿ ಹೊಗಳಬಹುದು. ಅಕ್ಕಿಯ ಉಂಡೆಯಾದ ಪುಂಡಿಯನ್ನು ಅದರ ಗಸಿಯಲ್ಲಿ ಬೇಯಿಸಿ, ಚಿಪ್ಪು ಸಮೇತ ಬಡಿಸಿದ್ದರು. ಚಿಪ್ಪಿನೊಳಗೆ ಒಂದು ಕಣ ಮರಳೂ ಸಿಗಲಿಲ್ಲ, ಅಂದರೆ ತೊಳೆಯುವ ಮೊದಲು ಅದನ್ನು ನೀರಿನಲ್ಲಿ ಸಾಕಷ್ಟು ಹೊತ್ತು ಬಿಟ್ಟಿದ್ದಾರೆ. ಚಿಪ್ಪುಮೀನು ಹಿಡಿಯಲು ಬಲೆ ಬೇಡ, ಡೀಸೆಲ್ ಬೇಡ. ಇಳಿತದ ಹೊತ್ತಿನಲ್ಲಿ ಅಳಿವೆಗೆ ಇಳಿದು ಹೆಂಗಸರು ಕೈಯಿಂದ, ಕಾಲಿನಿಂದ ತಡಕಿ ಹೆಕ್ಕುತ್ತಾರೆ. ಅದು ನೀರನ್ನು ಸೋಸಿ ತನ್ನ ಹೊಟ್ಟೆ ತುಂಬಿಸಿಕೊಳ್ಳುವ ಜೀವಿ, ಮೇವು ಹಾಕುವ ಪ್ರಮೇಯವಿಲ್ಲ. ಕಡಲಿನ ಊಟಗಳಲ್ಲಿ ಇದಕ್ಕಿಂತ ಹಗುರವಾದದ್ದು ಕಡಿಮೆ. ಆದರೆ ಅದಕ್ಕೆ ಅಳಿವೆ ಬೇಕು, ಉಪ್ಪು ಮತ್ತು ಸಿಹಿನೀರಿನ ಹದ ತಪ್ಪದ ನದಿ ಬೇಕು. ಕುಮಟಾದವರು ಬಳಚು ಎಂದು ಕರೆಯುವ ಈ ಚಿಪ್ಪುಮೀನಿಗೆ ಅಘನಾಶಿನಿ ಹೆಸರುವಾಸಿಯಾದದ್ದು ಆ ನದಿಗೆ ದೊಡ್ಡ ಅಣೆಕಟ್ಟು ಅಡ್ಡ ಬಾರದಿರುವುದರಿಂದ. ಅದೇ ಅಳಿವೆಯ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪವೊಂದು ಬಂದು, ಜನರ ವಿರೋಧದ ನಡುವೆ ಕೈಬಿಟ್ಟುಹೋಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಚಿಪ್ಪು ಗಣಿಗಾರಿಕೆ, ಮರಳು ತೆಗೆಯುವಿಕೆ, ನದಿಯ ನೀರನ್ನು ಬೇರೆಡೆಗೆ ಒಯ್ಯುವ ಮಾತು ಮಾತ್ರ ಪಟ್ಟಿಗೆ ಸೇರಿದಾಕ್ಷಣ ತಾವಾಗಿ ನಿಲ್ಲುವಂಥವಲ್ಲ. ಈ ಹೋಟೆಲಿನ ಮರುವಾಯಿ ಯಾವ ಹೊಳೆಯದೆಂದು ಕೇಳಿದಾಗ ಸ್ಪಷ್ಟ ಉತ್ತರ ದೊರೆಯಲಿಲ್ಲ. ಅಂಜಲ್‌ನ ಊರು ಗೊತ್ತಿದ್ದವರಿಗೆ ಮನೆಯ ಹಿಂದಿನ ಹೊಳೆಯ ಚಿಪ್ಪಿನ ವಿಳಾಸ ಗೊತ್ತಿಲ್ಲದ್ದು ವಿಚಿತ್ರವೆನಿಸಿತು.

ಬಿಲ್ ಕೊಡುವಾಗ ಗಲ್ಲಾದಲ್ಲಿದ್ದ ಮಾಲಕರೊಡನೆ ಈ ವಿಷಯ ಎತ್ತಿದೆ. ತಾಳ್ಮೆಯಿಂದ ಕೇಳಿದರು. “ನೀವು ಹೇಳುವುದು ಸರಿ, ಆದರೆ ಬೆಂಗಳೂರಿನಿಂದ ಏಳು ಗಂಟೆ ಕಾರು ಓಡಿಸಿ ಬಂದವರಿಗೆ ಅಂಜಲ್ ಇಲ್ಲ ಎಂದರೆ ಅವರು ಪಕ್ಕದ ಹೋಟೆಲಿಗೆ ಹೋಗುತ್ತಾರೆ, ಮತ್ತೆ ಫೋನಿನಲ್ಲಿ ನಮಗೆ ಒಂದು ಸ್ಟಾರ್ ಕೊಡುತ್ತಾರೆ” ಎಂದರು. ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಮೀನು ಹೋಟೆಲುಗಳಿಗೆ ಬರುವ ಆನ್‌ಲೈನ್ ವಿಮರ್ಶೆಗಳನ್ನು ಓದಿದರೆ ಅವರ ಮಾತಿನ ತೂಕ ತಿಳಿಯುತ್ತದೆ. ‘ಕೇಳಿದ್ದು ಇರಲಿಲ್ಲ’ ಎಂಬ ದೂರೇ ಅಲ್ಲಿ ಹೆಚ್ಚು. ಜೀವವೈವಿಧ್ಯದ ಬಗ್ಗೆ ವಿಶ್ವಸಂಸ್ಥೆಯ ಬೆಂಬಲದಿಂದ ನಡೆದ 2019ರ ಜಾಗತಿಕ ಮೌಲ್ಯಮಾಪನ, ನೆಲದ ಮೇಲೆ ಭೂಬಳಕೆಯ ಬದಲಾವಣೆ ಮೊದಲ ಕಾರಣವಾದರೆ ಕಡಲಿನಲ್ಲಿ ಜೀವಿಗಳನ್ನು ನೇರವಾಗಿ ಹಿಡಿದು ಬಳಸುವುದೇ ಅಳಿವಿನ ಮೊದಲ ಕಾರಣವೆಂದು ಗುರುತಿಸಿದೆ. ಆ ಹಿಡಿತದ ಪಾಲುದಾರರಲ್ಲಿ ಸಾಲ ಮಾಡಿ ಬೋಟ್ ಕಟ್ಟಿಸಿದವರು, ಕೂಲಿಗೆ ಹೋಗುವ ಕಲಾಸಿಗಳು, ಮಿಲ್ಲಿನವರು, ಹೋಟೆಲಿನವರು ಇದ್ದಾರೆ. ಊಟ ಮಾಡಿ ಸ್ಟಾರ್ ಕೊಡುವವರನ್ನು ಮಾತ್ರ ಆ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ.

ತುಳುನಾಡಿನ ಅಡುಗೆಗೆ ಆಟಿಯನ್ನು ದಾಟಿಸುವುದು ಹೊಸದೇನೂ ಅಲ್ಲ. ಬೇಸಗೆಯಲ್ಲಿ ಒಣಗಿಸಿಟ್ಟ ನಂಗ್, ಕೊಲ್ಲತರು, ಸಿಗಡಿಗಳ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕಣಿಲೆಯ ಗಸಿ, ತಜಂಕಿನ ಪಲ್ಯ, ಪತ್ರೊಡೆ ಇವೆಲ್ಲ ಕಡಲು ಮುಚ್ಚಿದ ತಿಂಗಳ ಊಟಗಳೇ. ಈ ಹೋಟೆಲಿನ ಮೆನುವಿನಲ್ಲಿ ಇವುಗಳಲ್ಲಿ ಒಣ ಸಿಗಡಿ ಚಟ್ನಿ ಒಂದೇ ಇತ್ತು, ಅದೂ ಊಟದ ಬದಿಗೆ ಒಂದು ಚಮಚದಷ್ಟು. ಅಷ್ಟರಲ್ಲೇ ಅದರ ಕೈಹದ ಗೊತ್ತಾಗುತ್ತಿತ್ತು: ತೆಂಗಿನತುರಿ ಹಸಿಯಾಗಿ ಉಳಿದಿರಲಿಲ್ಲ, ಸಿಗಡಿ ಕಮಟಾಗಿರಲಿಲ್ಲ. ಇಂಥ ಅಡುಗೆಯವರು ಜೂನ್, ಜುಲೈಗೆಂದೇ ಬೇರೆ ಮೆನು ಮಾಡಿದರೆ ಜನ ಅದಕ್ಕೇ ಹುಡುಕಿಕೊಂಡು ಬಂದಾರು. ಊರೂರಲ್ಲಿ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ಒಂದು ಭಾನುವಾರ ಇದೇ ತಿನಿಸುಗಳಿಗೆ ಸಾಲುಗಟ್ಟಿ ನಿಲ್ಲುವವರನ್ನು ನೋಡಿದರೆ ಗಿರಾಕಿಗಳ ಕೊರತೆಯಾಗುತ್ತದೆಂದು ಅನ್ನಿಸುವುದಿಲ್ಲ.

ಅಂಕ ಕೊಡಲೇಬೇಕಾದರೆ, ಅಡುಗೆಗೆ ಐದಕ್ಕೆ ನಾಲ್ಕೂವರೆ, ಸೇವೆಗೆ ನಾಲ್ಕು, ಮೆನುವಿಗೆ ಎರಡು. ಹೋಗುವವರು ಅಕ್ಟೋಬರಿನ ನಂತರ ಹೋಗುವುದು ಉತ್ತಮ, ಆಗ ಟ್ರೇಯಲ್ಲಿರುವ ಹೆಚ್ಚಿನ ಮೀನು ನಮ್ಮದೇ ಬಂದರಿನದಾಗಿರುತ್ತದೆ. ಬಂಗುಡೆ ಪುಳಿಮುಂಚಿ, ಮರುವಾಯಿ ಪುಂಡಿ ಮತ್ತು ಮದ್ಮಲ್ ಇದ್ದರೆ ಅದನ್ನು ತರಿಸಿಕೊಳ್ಳಿ. ಅಂಗೈಗಿಂತ ಚಿಕ್ಕ ಮಾಂಜಿ, ತೆಳು ಮುಳ್ಳಿನ ಅಂಜಲ್ ಮತ್ತು ತಾಟೆ ಮರಿಯನ್ನು ಟ್ರೇಯಲ್ಲೇ ಬಿಡಿ, ಏಕೆ ಬಿಟ್ಟಿರೆಂಬುದನ್ನು ಬಡಿಸುವವರಿಗೆ ಹೇಳಿ. ಮಳೆಗಾಲದಲ್ಲೇ ಹೋಗಬೇಕಾಗಿ ಬಂದರೆ ಒಣ ಸಿಗಡಿ ಚಟ್ನಿಯನ್ನು ಒಂದು ಪ್ಲೇಟ್ ಪೂರ್ತಿಯಾಗಿ ಕೇಳಿ ನೋಡಿ, ನಾನು ಕೇಳಿದಾಗ ಸಂತೋಷದಿಂದಲೇ ಕೊಟ್ಟರು, ಬಿಲ್ಲಿನಲ್ಲಿ ಸೇರಿಸಲೂ ಇಲ್ಲ. ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಮೇಲೆ ಹೋದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.